ವಿರೋಕೋನಿಯಂನಿಂದ ರಾಕ್ಸಿಟರ್‌ಗೆ: ಗಡಿನಾಡಿನ ಒಂದು ಗ್ರಾಮನಾಮದ ಚರಿತ್ರೆ

ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ, ವೇಲ್ಸ್ ಸೀಮೆಗೆ ತಾಗಿಕೊಂಡಿರುವ ಶ್ರಾಪ್‌ಶೈರ್ ಪ್ರಾಂತದಲ್ಲಿ, ಸೆವರ್ನ್ ನದಿಯ ಪೂರ್ವದಂಡೆಯ ಮೇಲೆ ರಾಕ್ಸಿಟರ್ ಎಂಬ ಚಿಕ್ಕ ಗ್ರಾಮವಿದೆ. ಶ್ರೂಸ್‌ಬರಿ ಪಟ್ಟಣದಿಂದ ಆಗ್ನೇಯಕ್ಕೆ ಸುಮಾರು 8 ಕಿಲೋಮೀಟರ್ ದೂರದ ಈ ಊರಿನಲ್ಲಿ ಇಂದು ಕಾಣುವುದು ಕೆಲವು ಮನೆಗಳು, ಹೊಲಗಳು ಮತ್ತು ಸಂತ ಆಂಡ್ರ್ಯೂನ ಹೆಸರಿನ ಒಂದು ಹಳೆಯ ಚರ್ಚು. ಚರ್ಚಿನ ಆವರಣದ ಬಾಗಿಲಿಗೆ ನಿಲ್ಲಿಸಿರುವ ಕಂಬಗಳು ರೋಮನ್ ಕಟ್ಟಡವೊಂದರಿಂದ ತಂದವು; ಒಳಗಿನ ದೀಕ್ಷಾಸ್ನಾನದ ತೊಟ್ಟಿಯನ್ನೂ ರೋಮನ್ ಕಂಬದ ಪೀಠವನ್ನು ಕೊರೆದು ಮಾಡಲಾಗಿದೆ. ಊರಿನ ಪಕ್ಕದ ಹೊಲಗಳ ಕೆಳಗೆ ಮಲಗಿರುವುದು ಸುಮಾರು 78 ಹೆಕ್ಟೇರು ವಿಸ್ತಾರದ ಒಂದು ನಗರ. ರೋಮನ್ ಆಳ್ವಿಕೆಯ ಬ್ರಿಟನ್ನಿನಲ್ಲಿ ವಿಸ್ತಾರದ ದೃಷ್ಟಿಯಿಂದ ಅದಕ್ಕೆ ನಾಲ್ಕನೆಯ ಸ್ಥಾನವಿತ್ತು.

ನಗರ ಅಳಿದು ಹಳ್ಳಿ ಉಳಿಯಿತು. ಆದರೆ ಹಳ್ಳಿಯ ಹೆಸರಿನ ಮೊದಲ ಭಾಗ ನಗರಕ್ಕಿಂತಲೂ ಹಳೆಯದಾಗಿರುವ ಸಂಭವವಿದೆ. ಗ್ರೀಕ್ ಭೂಗೋಳಜ್ಞ, ಲ್ಯಾಟಿನ್ ಮಾರ್ಗಸೂಚಿಕಾರ, ವೇಲ್ಸಿನ ಇತಿಹಾಸಕಾರ, ಪ್ರಾಚೀನ ಇಂಗ್ಲಿಷಿನ ಶಾಸನಲೇಖಕ, ನಾರ್ಮನ್ ಗುಮಾಸ್ತ, ಇವರೆಲ್ಲರೂ ಅದನ್ನು ತಮತಮಗೆ ಕೇಳಿದಂತೆ, ತಮತಮಗೆ ಸಾಧ್ಯವಾದಂತೆ ಬರೆದಿದ್ದಾರೆ. ಈ ಬರಹರೂಪಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಹೆಸರು ಯಾರ ಬಾಯಿಂದ ಯಾರ ಬಾಯಿಗೆ ದಾಟಿತೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶಂ.ಬಾ. ಜೋಶಿಯವರು ಸ್ಥಳನಾಮಗಳ ಆಧಾರದಿಂದ ಕನ್ನಡದ ಹಳೆಯ ನೆಲೆಯನ್ನು ಗುರುತಿಸಲು ತೊಡಗಿದಂದಿನಿಂದ ಗಡಿನಾಡಿನ ಕನ್ನಡಿಗರಿಗೆ ಊರ ಹೆಸರಿನ ಚರ್ಚೆ ಹೊಸದೇನಲ್ಲ. ನಮ್ಮ ವಿವಾದಗಳಿಂದ ದೂರವಿರುವ ಇನ್ನೊಂದು ಗಡಿಯ ನಿದರ್ಶನವು, ಇಂಥ ಚರ್ಚೆಯಲ್ಲಿ ಹೆಸರು ಯಾವುದಕ್ಕೆ ಸಾಕ್ಷಿಯಾಗಬಲ್ಲದು, ಯಾವುದಕ್ಕೆ ಆಗಲಾರದು ಎಂಬುದನ್ನು ಹೆಚ್ಚು ಸಮಾಧಾನದಿಂದ ನೋಡಲು ಅವಕಾಶ ಕೊಡುತ್ತದೆ.

ಗ್ರೀಕ್ ಮತ್ತು ಲ್ಯಾಟಿನ್ ಬರಹಗಳು

ಕ್ರಿಸ್ತಶಕ ಮೊದಲನೆಯ ಶತಮಾನದ ನಡುಭಾಗದ ಬಳಿಕ ರೋಮನ್ ಸೈನ್ಯವು ಇಲ್ಲಿ ದಂಡಿನ ಕೋಟೆಯೊಂದನ್ನು ಕಟ್ಟಿತು. ಶತಮಾನದ ಕೊನೆಯ ಹೊತ್ತಿಗೆ ಸೈನ್ಯ ಹೊರಟುಹೋಗಿ, ಆ ನೆಲೆಯು ಸ್ಥಳೀಯ ಕಾರ್ನೋವಿ ಜನಾಂಗದ ಆಡಳಿತ ಪಟ್ಟಣವಾಯಿತು. ಪಟ್ಟಣದ ಸಭಾಚೌಕದ ಹೆಬ್ಬಾಗಿಲ ಮೇಲಿದ್ದ ದೊಡ್ಡ ಶಿಲಾಶಾಸನವು 1924ರ ಉತ್ಖನನದಲ್ಲಿ ದೊರೆಯಿತು. ಸುಮಾರು ಕ್ರಿ.ಶ. 130ರ ಈ ಶಾಸನದಲ್ಲಿ ಚಕ್ರವರ್ತಿ ಹೇಡ್ರಿಯನ್ನನ ಬಿರುದುಗಳಿವೆ, ಕಟ್ಟಡವನ್ನು ಅರ್ಪಿಸಿದ ಕಾರ್ನೋವಿ ಜನಾಂಗದ ಹೆಸರಿದೆ. ಊರಿನ ಹೆಸರು ಮಾತ್ರ ಇಲ್ಲ. ಊರಿನಲ್ಲಿಯೇ ದೊರೆತ ಅತ್ಯಂತ ಗಂಭೀರವಾದ ಬರಹ ಊರಿನ ಹೆಸರಿನ ಬಗ್ಗೆ ಮೌನವಾಗಿದೆ. ಹೆಸರಿಗಾಗಿ ನಾವು ದೂರದಲ್ಲಿದ್ದವರ ಗ್ರಂಥಗಳನ್ನೇ ನೋಡಬೇಕಾಗುತ್ತದೆ.

ಅವುಗಳಲ್ಲಿ ಮೊದಲನೆಯದು ಕ್ರಿ.ಶ. 150ರ ಸುಮಾರಿನ ಟಾಲೆಮಿಯ ಭೂಗೋಳ ಗ್ರಂಥ. ಕಾರ್ನೋವಿಗಳ ಪಟ್ಟಣಗಳನ್ನು ಹೇಳುವಾಗ ಅವನು ದೇವಾ ಎಂಬುದರ ಜೊತೆಗೆ ‘ಊಇರೊಕೋನಿಯೊನ್’ ಎಂಬುದನ್ನು ಕೊಡುತ್ತಾನೆ. ಗ್ರೀಕ್ ಲಿಪಿಯಲ್ಲಿ ವಕಾರಕ್ಕೆ ಅಕ್ಷರವಿಲ್ಲದುದರಿಂದ ‘ಊ’ ಎಂಬುದು ಅದರ ಸ್ಥಾನದಲ್ಲಿ ನಿಂತಿದೆ. ಎರಡನೆಯದು ರೋಮನ್ ಸಾಮ್ರಾಜ್ಯದ ಹೆದ್ದಾರಿಗಳನ್ನೂ ತಂಗುದಾಣಗಳನ್ನೂ ದೂರಗಳನ್ನೂ ಪಟ್ಟಿಮಾಡುವ ಆಂಟೊನೈನ್ ಮಾರ್ಗಸೂಚಿ. ಇಲ್ಲಿ ಒಂದೆಡೆ ‘ಉರಿಯೊ-’ ಎಂದು ತೊಡಗುವ ರೂಪವೂ ಇನ್ನೊಂದೆಡೆ ‘ವಿರೊ-’ ಎಂದು ತೊಡಗುವ ರೂಪವೂ ಕಾಣುತ್ತವೆ. ಹಸ್ತಪ್ರತಿಗಳೊಳಗೆ ಪಾಠಭೇದಗಳೂ ಇವೆ. ಮೂರನೆಯದು ಸುಮಾರು ಕ್ರಿ.ಶ. 700ರಲ್ಲಿ ಇಟಲಿಯ ರಾವೆನ್ನಾದಲ್ಲಿ ಸಂಕಲಿತವಾದ ಲೋಕವರ್ಣನೆ. ಅದರಲ್ಲಿ ಹೆಸರು ‘ಉಟ್ರಿಕೋನಿಯೊನ್’ ಎಂದಾಗಿದ್ದು, ನಡುವೆ ಕಾರಣವಿಲ್ಲದ ಟಕಾರವೊಂದು ಸೇರಿಕೊಂಡಿದೆ. ಅದನ್ನು ನಕಲುಗಾರನ ಕೈತಪ್ಪೆಂದೇ ತಿಳಿಯಬೇಕು.

ಈ ಮೂರರಲ್ಲಿ ಟಾಲೆಮಿಯ ರೂಪ ಹಳೆಯದು. ಇಂದು ಪುರಾತತ್ತ್ವಜ್ಞರು ಬಳಸುವ ‘ವಿರೋಕೋನಿಯಂ’ ಎಂಬ ಹೆಸರಿಗೆ ಅದೇ ಮುಖ್ಯ ಆಧಾರ. ಆದರೆ ಹಳೆಯ ಬರಹವೆಂದ ಮಾತ್ರಕ್ಕೆ ಅದು ನಿಜವಾದ ಉಚ್ಚಾರಣೆಗೆ ಹತ್ತಿರವಾಗಿರಬೇಕೆಂಬ ನಿಯಮವಿಲ್ಲ. ಈ ಊರಿನ ಹೆಸರನ್ನು ಮುಂದೆ ಬಾಯಲ್ಲಿ ಉಳಿಸಿಕೊಂಡವರ ಸಾಕ್ಷ್ಯ ಬೇರೊಂದು ದಿಕ್ಕನ್ನು ತೋರುತ್ತದೆ.

ವೆಲ್ಷ್ ಮತ್ತು ಇಂಗ್ಲಿಷ್ ಸಾಕ್ಷ್ಯ

5ನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಮೇಲಿನ ರೋಮನ್ ಆಡಳಿತ ಮುಗಿಯಿತು. ಆದರೆ ಊರಿನಲ್ಲಿ ಜನವಸತಿ ಒಮ್ಮೆಲೇ ನಿಲ್ಲಲಿಲ್ಲ. 1967ರಲ್ಲಿ ಕೋಟೆಗೋಡೆಯ ಹೊರಗೆ ದೊರೆತ ಸಮಾಧಿಶಿಲೆಯೊಂದರಲ್ಲಿ ಲ್ಯಾಟಿನ್ ಲಿಪಿಯಲ್ಲಿ ಕ್ಯುನೊರಿಕ್ಸ್ ಎಂಬವನ ಹೆಸರಿದೆ. ಅದರ ಭಾಷೆ ಪ್ರಾಚೀನ ಐರಿಷ್, ಕಾಲ 5ನೆಯ ಶತಮಾನದ ಉತ್ತರಾರ್ಧ. ಫಿಲಿಪ್ ಬಾರ್ಕರ್ ಅವರು 1966ರಿಂದ 1990ರವರೆಗೆ ನಡೆಸಿದ ಉತ್ಖನನದಲ್ಲಿ, ಸ್ನಾನಗೃಹದ ಹಜಾರ ಪಾಳುಬಿದ್ದ ಮೇಲೆ ಅದೇ ಜಾಗದಲ್ಲಿ ಮರದ ಕಟ್ಟಡಗಳನ್ನು ಎಬ್ಬಿಸಿದ ಕುರುಹುಗಳನ್ನು ಗುರುತಿಸಿದರು. ಈ ಕಟ್ಟಡಗಳ ವ್ಯಾಪ್ತಿ ಮತ್ತು ಕಾಲನಿರ್ಣಯವನ್ನು ಈಚಿನ ವಿದ್ವಾಂಸರು ಪ್ರಶ್ನಿಸಿರುವುದುಂಟು. ಮಣ್ಣಿನ ಪದರಗಳ ಸಾಕ್ಷ್ಯ ವಿವಾದಾಸ್ಪದವಾದಲ್ಲಿ ಭಾಷೆಯ ಪದರಗಳ ಸಾಕ್ಷ್ಯಕ್ಕೆ ಸಹಜವಾಗಿಯೇ ಹೆಚ್ಚಿನ ಬೆಲೆ ಬರುತ್ತದೆ.

ಬ್ರಿಟನ್ನಿನ ಮೂಲನಿವಾಸಿಗಳ ಕೆಲ್ಟಿಕ್ ಭಾಷೆಯು ಈ ಶತಮಾನಗಳಲ್ಲಿ ವೆಲ್ಷ್ ಭಾಷೆಯಾಗಿ ರೂಪಾಂತರ ಹೊಂದುತ್ತಿತ್ತು. 9ನೆಯ ಶತಮಾನದ ಪೂರ್ವಾರ್ಧದಲ್ಲಿ ವೇಲ್ಸಿನಲ್ಲಿ ರಚಿತವಾದ ‘ಹಿಸ್ಟೋರಿಯಾ ಬ್ರಿಟೋನಮ್’ ಎಂಬ ಲ್ಯಾಟಿನ್ ಗ್ರಂಥವು ಬ್ರಿಟನ್ನಿನ 28 ನಗರಗಳ ಪಟ್ಟಿಯೊಂದನ್ನು ಕೊಡುತ್ತದೆ. ಅದರಲ್ಲಿನ ‘ಕೈರ್ ಗುರಿಕಾನ್’ ಎಂಬುದನ್ನು ನಮ್ಮ ಊರಿನೊಂದಿಗೆ ಸಮೀಕರಿಸಲಾಗಿದೆ. ‘ಕೈರ್’ ಎಂದರೆ ಕೋಟೆ. ಇಂದಿಗೂ ವೆಲ್ಷ್ ಭಾಷೆಯಲ್ಲಿ ಈ ಊರಿನ ಹೆಸರು ‘ಕೈರ್‌ವ್ರಿಗಾನ್’. ಇಂಗ್ಲೆಂಡಿನ ಒಳಗಿರುವ ಹಳ್ಳಿಯೊಂದಕ್ಕೆ ನೆರೆಯ ಭಾಷೆಯಲ್ಲಿ ಸ್ವಂತದ ಹೆಸರೊಂದು ಉಳಿದುಬಂದಿದೆ ಎಂಬುದನ್ನು ಗಮನಿಸಬೇಕು.

ಇಂಗ್ಲಿಷರ ಕಡೆಯ ಮೊದಲ ಸಾಕ್ಷ್ಯಗಳು ಊರಿನ ಹೆಸರಲ್ಲ, ಜನರ ಹೆಸರು. ‘ಟ್ರೈಬಲ್ ಹೈಡೇಜ್’ ಎಂದು ಪ್ರಸಿದ್ಧವಾದ ಪಟ್ಟಿಯು ಆಂಗ್ಲೋ-ಸ್ಯಾಕ್ಸನ್ ಜನಸಮುದಾಯಗಳನ್ನೂ ಅವುಗಳ ಭೂಮಿಯ ಅಂದಾಜನ್ನೂ ಹೈಡ್ ಎಂಬ ಮಾನದಲ್ಲಿ ಹೇಳುತ್ತದೆ. ಅದರಲ್ಲಿ 7000 ಹೈಡ್‌ಗಳ ಒಂದು ಸಮುದಾಯದ ಹೆಸರು ‘ವೊಕೆನ್‌ಸೆಟೆ’ ಎಂದಿದೆ. ರಕಾರ ಬಿಟ್ಟುಹೋಗಿರುವ ಈ ರೂಪವನ್ನು ‘ವ್ರೆಯೊಕೆನ್‌ಸೆಟೆ’ ಎಂದು ಓದಬೇಕೆಂಬುದರಲ್ಲಿ ವಿದ್ವಾಂಸರಿಗೆ ಸಂಶಯವಿಲ್ಲ. ‘ಸೆಟೆ’ ಎಂದರೆ ನೆಲೆಸಿದವರು. ‘ವ್ರೆಯೊಕೆನ್’ ಎಂದರೆ ರಾಕ್ಸಿಟರ್‌ನ ಪೂರ್ವಕ್ಕೆ 407 ಮೀಟರ್ ಎತ್ತರಕ್ಕೆ ಎದ್ದುನಿಂತಿರುವ, ಇಂದು ‘ರೀಕಿನ್’ ಎಂದು ಕರೆಯಲಾಗುವ ಬೆಟ್ಟ. 855ರಲ್ಲಿ ಮರ್ಸಿಯಾದ ಅರಸ ಬರ್‌ಗ್ರೆಡ್ ಬರೆಸಿಕೊಟ್ಟ ದಾನಪತ್ರವೊಂದು ತನ್ನ ಕಾಲವನ್ನು ಸೂಚಿಸುವಾಗ, ಪೇಗನ್ನರು ವ್ರೆಯೊಕೆನ್‌ಸೆಟೆಯವರ ನಾಡಿನಲ್ಲಿದ್ದ ಸಮಯವೆಂದು ಹೇಳುತ್ತದೆ. ಪೇಗನ್ನರೆಂದರೆ ವೈಕಿಂಗ್ ದಂಡಾಳುಗಳು. 963ರ ಇನ್ನೊಂದು ದಾನಪತ್ರದಲ್ಲಿ ಅದೇ ನಾಡು ‘ವ್ರೋಕೆನ್‌ಸೆಟ್ನ’ ಎಂದು ಒಕಾರದೊಂದಿಗೆ ಕಾಣಿಸಿಕೊಳ್ಳುತ್ತದೆ.

ಈಗ ಈ ಎರಡು ಭಾಷೆಗಳ ರೂಪಗಳನ್ನು ಎದುರುಬದುರು ಇಟ್ಟು ನೋಡೋಣ. ವೆಲ್ಷ್ ರೂಪದ ಆರಂಭದಲ್ಲಿ ‘ಗ್ವ್-’ ಇದೆ. ಇಂಗ್ಲಿಷ್ ರೂಪದಲ್ಲಿ ಬರಿಯ ‘ವ್-’ ಇದೆ. ವೆಲ್ಷ್ ಭಾಷೆಯಲ್ಲಿ ಪದಾದಿಯ ವಕಾರವು ಗ್ವಕಾರವಾದುದು 8ನೆಯ ಶತಮಾನದ ಸುಮಾರಿಗೆ ಎಂಬುದು, 1953ರಲ್ಲಿ ಪ್ರಕಟವಾದ ಕೆನೆತ್ ಜಾಕ್ಸನ್ ಅವರ ಪ್ರಾಚೀನ ಬ್ರಿಟನ್ನಿನ ಭಾಷಾಚರಿತ್ರೆಯ ಕಾಲದಿಂದ ಸಾಮಾನ್ಯವಾಗಿ ಒಪ್ಪಿತವಾಗಿರುವ ಮಾತು. ಹಾಗಾದರೆ ಇಂಗ್ಲಿಷರು ಈ ಹೆಸರನ್ನು ಕೇಳಿಸಿಕೊಂಡದ್ದು ಆ ಬದಲಾವಣೆಗೆ ಮುನ್ನ. ಅದೇ ಹೊತ್ತಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಕೆಲ್ಟಿಕ್‌ನ ಸ್ವರಮಧ್ಯದ ಕಕಾರವು ವೆಲ್ಷ್‌ನಲ್ಲಿ ಗಕಾರವಾಗಿದೆ, ಇಂಗ್ಲಿಷಿನಲ್ಲಿ ಕಕಾರವಾಗಿಯೇ ಉಳಿದಿದೆ. ಇದನ್ನು ನೋಡಿ, ಇಂಗ್ಲಿಷರು ಆ ಮೃದೂಕರಣಕ್ಕೂ ಮೊದಲೇ ಇಲ್ಲಿಗೆ ಬಂದಿದ್ದರೆಂದು ಹೇಳಿಬಿಡುವುದು ಸುಲಭ. ಆದರೆ ಅಂದಿನ ಇಂಗ್ಲಿಷಿನಲ್ಲಿ ಸ್ವರಗಳ ನಡುವೆ ಸ್ಪರ್ಶ ಗಕಾರ ಇರಲಿಲ್ಲ, ಘರ್ಷಧ್ವನಿ ಮಾತ್ರ ಇತ್ತು. ಹೀಗಾಗಿ ಕೇಳಿದ ಗಕಾರಕ್ಕೆ ತಮ್ಮಲ್ಲಿದ್ದ ಹತ್ತಿರದ ಸ್ಪರ್ಶವಾದ ಕಕಾರವನ್ನೇ ಅವರು ಬಳಸಬೇಕಾಯಿತು. ಒಂದೇ ಹೆಸರಿನ ಎರಡು ವ್ಯಂಜನಗಳಲ್ಲಿ ಒಂದು ಕಾಲವನ್ನು ಹೇಳುತ್ತದೆ. ಇನ್ನೊಂದು ಕೇಳಿದವರ ನಾಲಗೆಯ ಮಿತಿಯನ್ನು ಮಾತ್ರ ಹೇಳುತ್ತದೆ.

ಸ್ವರದ ಸಾಕ್ಷ್ಯವೂ ಮುಖ್ಯವಾದುದು. ವೆಲ್ಷ್ ರೂಪವೂ ಇಂಗ್ಲಿಷ್ ರೂಪವೂ ಮೂಲದಲ್ಲಿ ‘ವಿರೊಕೋನ್’ ಎಂಬುದಕ್ಕಿಂತ ‘ವಿರಿಕೋನ್’ ಎಂಬ ಉಚ್ಚಾರಣೆಯನ್ನು ಬಯಸುತ್ತವೆ. ಆದ್ದರಿಂದಲೇ ಈ ಹೆಸರನ್ನು ‘ವಿರಿಕೊ ಎಂಬವನ ಊರು’ ಎಂದು ಬಿಡಿಸುವವರಿದ್ದಾರೆ. ಹಾಗಿದ್ದಲ್ಲಿ ಆ ವ್ಯಕ್ತಿನಾಮದ ಮೊದಲ ಭಾಗವು ಗಂಡು ಎಂಬರ್ಥದ ಕೆಲ್ಟಿಕ್ ಪದವಾಗಿದ್ದು, ಲ್ಯಾಟಿನ್ನಿನ ‘ವಿರ್’, ಸಂಸ್ಕೃತದ ‘ವೀರ’ ಶಬ್ದಗಳ ಬಂಧುವಾಗಿರಬಹುದು. 1859ರಲ್ಲಿ ಇಲ್ಲಿ ಉತ್ಖನನ ಆರಂಭಿಸಿದ ಥಾಮಸ್ ರೈಟ್ ಅವರು ತಮ್ಮ 1872ರ ಗ್ರಂಥಕ್ಕೆ ‘ಯುರಿಕೋನಿಯಂ’ ಎಂದೇ ಹೆಸರಿಟ್ಟರು. 1896ರ ಹೌಸ್‌ಮನ್ನನ ‘ಎ ಶ್ರಾಪ್‌ಶೈರ್ ಲ್ಯಾಡ್’ ಸಂಕಲನದಲ್ಲಿಯೂ ವಿಲ್ಫ್ರೆಡ್ ಓವೆನ್ನನ ಎಳವೆಯ ಕವಿತೆಯೊಂದರಲ್ಲಿಯೂ ಇದೇ ಬಗೆಯ ರೂಪವಿದೆ. 20ನೆಯ ಶತಮಾನದ ಪುರಾತತ್ತ್ವಜ್ಞರು ಇದನ್ನು ಬದಿಗಿರಿಸಿ ಟಾಲೆಮಿಯ ಓಕಾರವನ್ನು ಮರಳಿ ತಂದರು. ಎರಡು ಸೀಮೆಗಳ ಆಡುಮಾತು ಮಾತ್ರ ಇಕಾರದ ಪರವಾಗಿಯೇ ಸಾಕ್ಷಿ ಹೇಳುತ್ತಿದೆ.

ಬೆಟ್ಟದ ಹೆಸರೋ ಪಟ್ಟಣದ ಹೆಸರೋ

ಹೆಸರು ಒಂದೇ ಆದರೂ ಅದನ್ನು ಹೊತ್ತವು ಎರಡು: ಒಂದು ಬೆಟ್ಟ, ಒಂದು ಪಟ್ಟಣ. ರೀಕಿನ್ ಬೆಟ್ಟದ ನೆತ್ತಿಯ ಮೇಲೆ ರೋಮನ್ನರಿಗಿಂತ ಹಿಂದಿನ ಕಬ್ಬಿಣ ಯುಗದ ಗಿರಿದುರ್ಗವಿದೆ. ಹೆಸರು ಮೊದಲು ಆ ದುರ್ಗಕ್ಕಿದ್ದು, ರೋಮನ್ನರು ಬಯಲಿನಲ್ಲಿ ಕೋಟೆ ಕಟ್ಟಿದಾಗ ಅದು ಕೆಳಗಿಳಿದು ಬಂದಿತೆಂಬುದು ಬಹುಮಟ್ಟಿಗೆ ಒಪ್ಪಿತವಾದ ಊಹೆ. ಇಂಗ್ಲಿಷರ ಕಾಲಕ್ಕೆ ಬರುವಾಗ ಹೆಸರು ಮತ್ತೆ ಬೆಟ್ಟದ್ದೇ ಆಗಿದೆ. ಇದಕ್ಕೆ ಜನಸಮುದಾಯದ ಹೆಸರೊಂದೇ ಅಲ್ಲ, ರಾಕ್‌ವರ್ಡೀನ್ ಎಂಬ ಇನ್ನೊಂದು ನೆರೆಯ ಗ್ರಾಮದ ಹೆಸರೂ ಸಾಕ್ಷಿ. ‘ರೀಕಿನ್ ಬಳಿಯ ಬೇಲಿಯೊಳಗಣ ನೆಲೆ’ ಎಂಬುದು ಅದರ ಅರ್ಥ. ರಾಕ್ಸಿಟರ್ ಎಂಬುದನ್ನೂ ಅದೇ ರೀತಿಯಲ್ಲಿ ‘ರೀಕಿನ್ ಬಳಿಯ ರೋಮನ್ ಕೋಟೆ’ ಎಂದು ಬಿಡಿಸಬಹುದು. ಅದರ ಉತ್ತರಪದ ಲ್ಯಾಟಿನ್ನಿನ ‘ಕಾಸ್ಟ್ರ’ದಿಂದ ಬಂದ ಪ್ರಾಚೀನ ಇಂಗ್ಲಿಷಿನ ‘ಚೆಯಾಸ್ಟರ್’. ರೋಮನ್ ಅವಶೇಷಗಳಿದ್ದಲ್ಲಿ ಇಂಗ್ಲಿಷರು ಸಾಮಾನ್ಯವಾಗಿ ಬಳಸುತ್ತಿದ್ದ ಪದ.

ಹೀಗಾಗಿ ಪಟ್ಟಣದ ಹೆಸರು ಪಟ್ಟಣದಲ್ಲಿಯೇ ಎಡೆಬಿಡದೆ ಉಳಿಯಿತೆಂದು ಹೇಳಲು ಆಧಾರ ಸಾಲದು. ಹೆಸರು ಬೆಟ್ಟದ ಸುತ್ತಣ ಜನರಲ್ಲಿ ಉಳಿದು, ಅಲ್ಲಿಂದ ಪಾಳುಬಿದ್ದ ಪಟ್ಟಣಕ್ಕೆ ಮರಳಿ ಅಂಟಿಕೊಂಡಿರಬಹುದು. ಕಾರ್ನೋವಿಗಳ ಇನ್ನೊಂದು ಪಟ್ಟಣವಾದ ದೇವಾದ ಗತಿಯನ್ನು ಇದರೊಂದಿಗೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಆ ಪಟ್ಟಣದ ಕೋಟೆಗೋಡೆಗಳು ಉಳಿದವು, ಊರು ಬೆಳೆಯಿತು. ಆದರೆ ಇಂಗ್ಲಿಷಿನಲ್ಲಿ ಅದರ ಹೆಸರು ಕೇವಲ ‘ಚೆಸ್ಟರ್’, ಅಂದರೆ ಕೋಟೆ, ಎಂದಾಯಿತು. ಹಳೆಯ ಹೆಸರು ಅಲ್ಲಿನ ಡೀ ನದಿಯಲ್ಲಿ ಮಾತ್ರ ಉಳಿದಿದೆ. ಕಲ್ಲಿನ ಗೋಡೆಗಳು ಹೆಸರನ್ನು ಕಾಯಲಿಲ್ಲ. ನದಿಯೂ ಬೆಟ್ಟವೂ ಕಾದವು. ಏಕೆಂದರೆ ನದಿ ದಾಟುವವರಿಗೂ ಬೆಟ್ಟದ ತಪ್ಪಲಿನಲ್ಲಿ ದನ ಮೇಯಿಸುವವರಿಗೂ ಅವುಗಳ ಹೆಸರು ಪ್ರತಿನಿತ್ಯವೂ ಬೇಕಾಗುತ್ತದೆ. ಹೊಸ ಭಾಷೆಯವನು ಹಳೆಯ ಭಾಷೆಯವನನ್ನು ಕೇಳಿ ತಿಳಿಯದೆ ಈ ಹೆಸರು ಆತನಿಗೆ ದೊರೆಯುವ ಬೇರೆ ದಾರಿ ಇರಲಿಲ್ಲ.

ನಾರ್ಮನ್ ಗುಮಾಸ್ತನ ವರ್ಣಸಂಯೋಜನೆ

1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ಅರಸ ವಿಲಿಯಂ 1086ರಲ್ಲಿ ಮಾಡಿಸಿದ ಭೂಸರ್ವೇಕ್ಷಣೆಯೇ ಡೂಮ್ಸ್‌ಡೇ ಗ್ರಂಥ. ನಮ್ಮ ಗ್ರಾಮದ ಹೆಸರು ಊರಿನ ಹೆಸರಾಗಿ ಅದರಲ್ಲಿ ‘ರೋಕೆಸೆಸ್ತ್ರೆ’ ಎಂದು ಬರುತ್ತದೆ. ಇದರಲ್ಲಿ ಎರಡು ಅಂಶಗಳಿವೆ. ಮೊದಲನೆಯದಾಗಿ, ಪದಾದಿಯ ವಕಾರ ಮಾಯವಾಗಿದೆ. ಫ್ರೆಂಚ್ ನಾಲಗೆಗೆ ‘ವ್ರ್’ ಎಂಬ ಸಂಯುಕ್ತಾಕ್ಷರ ಒಗ್ಗದು; ರಾಕ್‌ವರ್ಡೀನ್ ಗ್ರಾಮವೂ ಅದೇ ಗ್ರಂಥದಲ್ಲಿ ವಕಾರ ಕಳೆದುಕೊಂಡು ‘ರೆಕಾರ್ಡಿನೆ’ ಎಂದಾಗಿದೆ. ಎರಡನೆಯದಾಗಿ, ಇಂಗ್ಲಿಷಿನ ‘ಚೆಯಾಸ್ಟರ್’ನ ಚಕಾರವು ‘ಸೆಸ್ತ್ರೆ’ ಎಂದು ಸಕಾರವಾಗಿದೆ. ಹಿಂದಿನ ಕಕಾರವೂ ಈ ಸಕಾರವೂ ಕೂಡಿ ‘ಕ್ಸ’ ಆದುದರಿಂದಲೇ ಇಂದಿನ ‘ರಾಕ್ಸಿಟರ್’ ಸಿದ್ಧಿಸಿತು. ಇಂಗ್ಲೆಂಡಿನ ನೈಋತ್ಯದ ಎಕ್ಸಿಟರ್ ನಗರದ ಹೆಸರೂ ಹೀಗೆಯೇ ರೂಪುಗೊಂಡಿದೆ.

ನಾರ್ಮನ್ ಪ್ರಭಾವದ ಸಕಾರ ನಿಂತಿತು. ಆದರೆ ನಾರ್ಮನ್ ಗುಮಾಸ್ತ ತೆಗೆದುಹಾಕಿದ ವಕಾರ ಮುಂದಿನ ಮಧ್ಯಯುಗೀನ ಪತ್ರಗಳಲ್ಲಿ ಮರಳಿ ಬಂದಿದೆ. ಊರವರು ಅದನ್ನು ಉಚ್ಚರಿಸುವುದನ್ನು ಬಿಟ್ಟಿರಲಿಲ್ಲವೆಂಬುದಕ್ಕೆ ಇದೇ ಪುರಾವೆ. ಬರಹದಲ್ಲಿ ಅಳಿಸಿಹೋದ ಅಕ್ಷರ ಬಾಯಲ್ಲಿ ಇಲ್ಲದಿದ್ದರೆ ಮರಳಿ ಬರಲಾರದು. ಇಂಗ್ಲಿಷಿನಲ್ಲಿ ‘ವ್ರ್’ನ ವಕಾರವು ಉಚ್ಚಾರಣೆಯಿಂದ ಬಿದ್ದುಹೋದದ್ದು ಬಹಳ ಈಚೆಗೆ, ಸುಮಾರು 17ನೆಯ ಶತಮಾನದಲ್ಲಿ. ಈಗ ಪರಿಸ್ಥಿತಿ ತಿರುವುಮುರುವಾಗಿದೆ: ಹೆಸರನ್ನು ಬರೆಯುವಾಗ ‘ಡಬ್ಲ್ಯು’ ಅಕ್ಷರವನ್ನು ಬರೆಯುತ್ತಾರೆ, ನುಡಿಯುವಾಗ ‘ರಾಕ್ಸಿಟರ್’ ಎಂದೇ ನುಡಿಯುತ್ತಾರೆ. ಗುಮಾಸ್ತನ ತಪ್ಪು ಆರು ಶತಮಾನಗಳ ಬಳಿಕ ಸರಿಯಾದ ಉಚ್ಚಾರಣೆಯಾಗಿದೆ, ಆದರೆ ಅವನಿಂದಾಗಿ ಅಲ್ಲ.

ಈ ನಡುವೆ ವ್ರೆಯೊಕೆನ್‌ಸೆಟೆ ಎಂಬ ಜನಸಮುದಾಯದ ಹೆಸರು ಆಡಳಿತದಿಂದ ಮರೆಯಾಗಿತ್ತು. 1006ರ ಹೊತ್ತಿಗೆ ‘ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್’ ಆ ಪ್ರಾಂತವನ್ನು ಶ್ರೂಸ್‌ಬರಿ ಪಟ್ಟಣದ ಹಳೆಯ ಹೆಸರಿನಿಂದ ಕರೆಯುತ್ತದೆ; ಶ್ರಾಪ್‌ಶೈರ್ ಎಂಬ ಇಂದಿನ ಹೆಸರಿನ ಮೂಲ ಅದೇ. ನಾಡಿನ ಹೆಸರಾಗಿದ್ದುದು ಒಂದು ಬೆಟ್ಟಕ್ಕೂ ಅದರ ಬಳಿಯ ಹಳ್ಳಿಗಳಿಗೂ ಸೀಮಿತವಾಯಿತು.

ಹೊಸೂರಿನ ನಿದರ್ಶನ

ಧ್ವನಿಬದಲಾವಣೆಯ ಆಧಾರದಿಂದ ಹೆಸರು ಕೈಬದಲಾದ ಕಾಲವನ್ನು ಊಹಿಸುವ ಈ ವಿಧಾನ ನಮ್ಮ ಗಡಿಗಳಿಗೂ ಅನ್ವಯಿಸುತ್ತದೆ. ಹೊಸೂರನ್ನು ತಮಿಳಿನಲ್ಲಿ ‘ಓಸೂರ್’ ಎಂದು ಬರೆಯುತ್ತಾರೆ. ಹಳಗನ್ನಡದ ‘ಪೊಸ’ವು ‘ಹೊಸ’ವಾದುದು ಸುಮಾರು 10ರಿಂದ 14ನೆಯ ಶತಮಾನದವರೆಗೆ ಹಬ್ಬಿದ ಪಕಾರ-ಹಕಾರ ಪರಿವರ್ತನೆಯಿಂದ. ತಮಿಳಿನಲ್ಲಿ ಪದಾದಿ ಪಕಾರ ಇಂದಿಗೂ ಭದ್ರವಾಗಿದೆ. ‘ಪೊಸ’ದ ಸಜಾತಿಯಾದ ‘ಪುದು’ವೇ ಇದಕ್ಕೆ ಉದಾಹರಣೆ. ತಮಿಳರು ಈ ಹೆಸರನ್ನು ಪಕಾರದ ಕಾಲದಲ್ಲಿ ಕೇಳಿ ಉಳಿಸಿಕೊಂಡಿದ್ದರೆ ಅದು ಪಕಾರದೊಂದಿಗೇ ಉಳಿಯುತ್ತಿತ್ತು. ‘ಓಸೂರ್’ ಎಂಬ ರೂಪ ಹುಟ್ಟಬೇಕಾದರೆ ಕನ್ನಡದ ಬಾಯಲ್ಲಿ ಆಗಲೇ ಹಕಾರ ಬಂದಿರಬೇಕು, ಮತ್ತು ತಮಿಳಿನ ಲಿಪಿಗೂ ನಾಲಗೆಗೂ ಹೊರಗಿನದಾದ ಆ ಹಕಾರ ಬಿದ್ದುಹೋಗಿರಬೇಕು. ನಾರ್ಮನ್ ಗುಮಾಸ್ತನ ಕೈಯಲ್ಲಿ ವಕಾರ ಬಿದ್ದುದಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ.

ಆದರೆ ಇದರಿಂದ ತಿಳಿಯುವುದು ಎಷ್ಟು? ಇಂದಿನ ತಮಿಳು ರೂಪವು ಕನ್ನಡದ ಬಾಯಿಂದ ಯಾವ ಹಂತದ ಬಳಿಕ ದಾಟಿತೆಂಬುದಷ್ಟೆ. ಊರು ಯಾವಾಗ ಹುಟ್ಟಿತು, ಮೊದಲು ಯಾರು ನೆಲೆಸಿದರು, ಆ ಮಣ್ಣು ಯಾರದು ಎಂಬ ಪ್ರಶ್ನೆಗಳಿಗೆ ಹೆಸರಿನೊಳಗೆ ಉತ್ತರವಿಲ್ಲ.

ಉಪಸಂಹಾರ

ರಾಕ್ಸಿಟರ್‌ನ ಹೆಸರನ್ನು ಬೇಕಾದವರು ಬೇಕಾದ ಪಕ್ಷಕ್ಕೆ ಎಳೆದುಕೊಳ್ಳಬಹುದು. ಪೂರ್ವಪದ ಕೆಲ್ಟಿಕ್ ಆದುದರಿಂದ ಊರು ವೇಲ್ಸಿನದೆನ್ನಬಹುದು. ಉತ್ತರಪದ ಇಂಗ್ಲಿಷಿನದಾದುದರಿಂದ ಇಂಗ್ಲಿಷರದೆನ್ನಬಹುದು. ಆ ಉತ್ತರಪದದ ಮೂಲ ಲ್ಯಾಟಿನ್, ಅದರ ಸಕಾರ ನಾರ್ಮನ್ ಎಂದು ವಾದವನ್ನು ಮುಂದುವರಿಸಲೂಬಹುದು. ಇಂಥ ವಾದಗಳು ನಿರರ್ಥಕ. ಹೆಸರು ಖಾತರಿಯಾಗಿ ಹೇಳುವುದು ಒಂದೇ ಸಂಗತಿಯನ್ನು: 8ನೆಯ ಶತಮಾನದ ಸುಮಾರಿಗಿಂತ ಮುಂಚೆ ಈ ಬೆಟ್ಟದ ತಪ್ಪಲಿನಲ್ಲಿ ಎರಡು ಭಾಷೆಗಳ ಜನ ಪರಸ್ಪರ ಮಾತನಾಡುವಷ್ಟು ಹತ್ತಿರದಲ್ಲಿದ್ದರು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಿದರು. ಆ ಕಾಲದ ಯುದ್ಧಗಳ ಕುರಿತ ಬರಹಗಳು ಈ ಸಂಗತಿಯನ್ನು ದಾಖಲಿಸಿಲ್ಲ. ಹೆಸರೊಂದೇ ಅದನ್ನು ದಾಖಲಿಸಿದೆ.

ಆದ್ದರಿಂದ ಗಡಿನಾಡಿನ ಊರ ಹೆಸರನ್ನು ಸ್ವಾಮ್ಯದ ದಾಖಲೆಯೆಂದು ಓದುವುದಕ್ಕಿಂತ ಸಹವಾಸದ ದಾಖಲೆಯೆಂದು ಓದುವುದು ಶಾಸ್ತ್ರಕ್ಕೂ ಸತ್ಯಕ್ಕೂ ಹತ್ತಿರವಾದುದು. ಹಾಗೆ ಓದಬೇಕಾದರೆ ಎರಡೂ ಭಾಷೆಗಳ ರೂಪಗಳು ನಮಗೆ ಬೇಕು. ಕೈರ್‌ವ್ರಿಗಾನ್ ಎಂಬ ವೆಲ್ಷ್ ರೂಪ ಉಳಿದಿರದಿದ್ದರೆ ರಾಕ್ಸಿಟರ್‌ನ ವಕಾರದ ಬೆಲೆ ತಿಳಿಯುತ್ತಿರಲಿಲ್ಲ. ಓಸೂರ್ ಎಂಬ ರೂಪವಿಲ್ಲದಿದ್ದರೆ ಹೊಸೂರಿನ ಹಕಾರ ಕಾಲವನ್ನು ಹೇಳುತ್ತಿರಲಿಲ್ಲ. ನೆರೆಭಾಷೆಯವರು ನಮ್ಮ ಊರನ್ನು ಕರೆಯುವ ಹೆಸರನ್ನು ಅಪಭ್ರಂಶವೆಂದು ತಳ್ಳಿಹಾಕುವ ರೂಢಿ ಎಲ್ಲ ಗಡಿಗಳಲ್ಲಿಯೂ ಇದೆ. ನಮ್ಮ ಊರುಗಳ ಚರಿತ್ರೆಯ ಒಂದು ಪುಟ ಆ ಅಪಭ್ರಂಶದಲ್ಲಿಯೇ ಇರುವುದರಿಂದ, ಅಧಿಕೃತ ನಾಮಫಲಕಗಳ ಏಕರೂಪತೆಯಲ್ಲಿ ಅದು ಅಳಿಸಿಹೋಗುವ ಮೊದಲು ಎರಡೂ ಸೀಮೆಗಳ ಹಿರಿಯರ ಬಾಯಿಂದ ಕೇಳಿ ಬರೆದಿಡುವುದು ಇಂದಿನ ಸಂಶೋಧಕರ ಕರ್ತವ್ಯವಾಗಿದೆ.